ಒಂದಗುಳು ನೋಡಿದರೆ ಸಾಲದು



ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಮನೆಯಲ್ಲಿ ಅಮ್ಮ ಏನು ಮಾಡುತ್ತಾರೆ? ಪಾತ್ರೆಯಿಂದ ಒಂದೇ ಒಂದು ಅಗುಳನ್ನು ತೆಗೆದು ಬೆರಳಲ್ಲಿ ಹಿಚುಕಿ ನೋಡುತ್ತಾರೆ. ಅದು ಬೆಂದಿದ್ದರೆ ಪಾತ್ರೆಯ ಅನ್ನವೆಲ್ಲ ಬೆಂದ ಹಾಗೆಯೇ. ಇದು ಸರಿಯಾದ ಪರೀಕ್ಷೆ. ಏಕೆಂದರೆ ಎಲ್ಲ ಅಗುಳೂ ಒಂದೇ ಅಕ್ಕಿಯದು. ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದದ್ದು. ಆದರೆ ಕಂಪ್ಯೂಟರ್ ಪ್ರೋಗ್ರಾಮ್ ಅನ್ನದ ಪಾತ್ರೆಯಲ್ಲ. ಅಲ್ಲಿ ಒಂದೊಂದು ಅಂಕಿಯೂ ಒಂದೊಂದು ದಾರಿ ಹಿಡಿದು ಹೋಗಬಹುದು. ಒಂದಕ್ಕೆ ಸರಿಯಾದ ಉತ್ತರ ಬಂದಿತೆಂದು ಪಕ್ಕದ ಅಂಕಿಗೂ ಸರಿ ಬರುತ್ತದೆಂಬ ಭರವಸೆ ಇಲ್ಲ. ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ, ಒಬ್ಬ ಅಜ್ಜಿಯಿಂದ ಕಲಿತೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಪ್ರೋಗ್ರಾಮಿನ ಬಿಡಿ ಭಾಗಗಳನ್ನು ಪರೀಕ್ಷಿಸುವುದು ಹೇಗೆ ಎಂಬುದೇ ಇಂದಿನ ನಮ್ಮ ವಿಷಯ. ಇದನ್ನು ಯೂನಿಟ್ ಟೆಸ್ಟಿಂಗ್ ಎನ್ನುತ್ತಾರೆ. ನಾವು ಘಟಕ ಪರೀಕ್ಷೆ ಎಂದು ಕರೆಯೋಣ. ಹತ್ತಿರ ಒಂದು ಹಾಳೆ, ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಕಂಪ್ಯೂಟರ್ ಇಲ್ಲದಿದ್ದರೂ ನಡೆಯುತ್ತದೆ. ಪರದೆಯ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದ್ದೇನೆ.

ಈಗ ಅಜ್ಜಿಯ ಕಥೆ. ನಾನು ಕೆಲಸಕ್ಕೆ ಸೇರಿದ ಹೊಸತು. ಹಳ್ಳಿಯ ಹಾಲಿನ ಡೈರಿಯೊಂದಕ್ಕೆ ಲೆಕ್ಕದ ಪ್ರೋಗ್ರಾಮ್ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಾಲು ತಂದವರ ಕ್ಯಾನಿನಿಂದ ಮಾದರಿ ತೆಗೆದು ಯಂತ್ರಕ್ಕೆ ಇಟ್ಟರೆ ಅದು ಫ್ಯಾಟ್, ಅಂದರೆ ಜಿಡ್ಡಿನ ಅಂಶ ಎಷ್ಟೆಂದು ಹೇಳುತ್ತಿತ್ತು. ನನ್ನ ಪ್ರೋಗ್ರಾಮ್ ಅದಕ್ಕೆ ತಕ್ಕ ದರ ಹಾಕಿ ಚೀಟಿ ಕೊಡಬೇಕು. ನಿಯಮ ಸರಳವಾಗಿತ್ತು. ಫ್ಯಾಟ್ 3.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪೂರ್ಣ ದರ, ಕಡಿಮೆ ಇದ್ದರೆ ಲೀಟರಿಗೆ ಒಂದೂವರೆ ರೂಪಾಯಿ ಕಡಿತ. ಬರೆದು ಮುಗಿಸಿದೆ. 4.0 ಕೊಟ್ಟು ನೋಡಿದೆ, ಪೂರ್ಣ ದರ ಬಂತು. 3.0 ಕೊಟ್ಟೆ, ಕಡಿತದ ದರ ಬಂತು. ಎರಡಗುಳು ನೋಡಿದೆನಲ್ಲ, ಸಾಕೆಂದು ಒಪ್ಪಿಸಿಬಿಟ್ಟೆ.

ಎರಡು ಬಟವಾಡೆ ಆದ ಮೇಲೆ ಒಂದು ದಿನ ಡೈರಿಗೆ ಹೋಗಿದ್ದೆ. ವಯಸ್ಸಾದ ಹೆಣ್ಣುಮಗಳೊಬ್ಬರು ಚೀಟಿಗಳ ಕಟ್ಟು ಹಿಡಿದು ನಿಂತಿದ್ದರು. "ಫ್ಯಾಟು ಮೂರೂವರೆ ಅಂತ ಇದರಲ್ಲೇ ಬರ್ದದೆ, ದುಡ್ಡು ಮಾತ್ರ ಕಮ್ಮಿ ಬಂದದೆ. ನೀವೇ ನೋಡಿ ಸ್ವಾಮಿ" ಎಂದರು. ಕಾರ್ಯದರ್ಶಿ ನಕ್ಕು, "ಕಂಪ್ಯೂಟರ್ ಲೆಕ್ಕ ತಪ್ಪುತ್ತಾ ಕಣಜ್ಜೀ?" ಎಂದರು. ನಾನು ಚೀಟಿಗಳನ್ನು ತೆಗೆದುಕೊಂಡು ನೋಡಿದೆ. ಅಜ್ಜಿಯ ಮಾತೇ ನಿಜ. 3.6 ಬಂದ ದಿನ ಸರಿಯಿತ್ತು, 3.4 ಬಂದ ದಿನವೂ ಸರಿಯಿತ್ತು. ಸರಿಯಾಗಿ 3.5 ಬಂದ ದಿನಗಳಲ್ಲಿ ಮಾತ್ರ ಕಡಿತ. ನಾನು "3.5 ಅಥವಾ ಅದಕ್ಕಿಂತ ಹೆಚ್ಚು" ಎಂದು ಬರೆಯುವ ಬದಲು "3.5ಕ್ಕಿಂತ ಹೆಚ್ಚು" ಎಂದು ಬರೆದಿದ್ದೆ. ಒಂದು ಸಮ ಚಿಹ್ನೆ ಬಿಟ್ಟುಹೋಗಿತ್ತು, ಅಷ್ಟೇ. ಅಜ್ಜಿ ದಿನಕ್ಕೆ ಎಂಟು ಲೀಟರ್ ಹಾಕುತ್ತಿದ್ದರು. ಅಂಥ ಒಂದು ದಿನಕ್ಕೆ 12 ರೂಪಾಯಿ ನಷ್ಟ. ಹತ್ತು ದಿನದ ಬಟವಾಡೆಯಲ್ಲಿ ಅಂಥ ನಾಲ್ಕು ದಿನ ಬಂದರೆ 48 ರೂಪಾಯಿ. ಊರಿನಲ್ಲಿ ಹಾಲು ಹಾಕುವವರು ಅಜ್ಜಿ ಒಬ್ಬರೇ ಅಲ್ಲವಲ್ಲ! ಹಳೆಯ ಚೀಟಿಗಳನ್ನೆಲ್ಲ ಹುಡುಕಿ, ಲೆಕ್ಕ ಹಾಕಿ, ಎಲ್ಲರಿಗೂ ಬಾಕಿ ಕೊಡಿಸಲು ನನಗೆ ಒಂದು ವಾರ ಹಿಡಿಯಿತು. ಪ್ರೋಗ್ರಾಮ್ ಬರೆಯಲು ಹಿಡಿದದ್ದು ಎರಡು ದಿನ.

ಈ ತಪ್ಪನ್ನು ಮೊದಲೇ ಹಿಡಿಯಬಹುದಿತ್ತೇ? ಖಂಡಿತ ಹಿಡಿಯಬಹುದಿತ್ತು, ಅದೂ ಒಂದೇ ನಿಮಿಷದಲ್ಲಿ.

ದೊಡ್ಡ ಪ್ರೋಗ್ರಾಮನ್ನು ಸಣ್ಣ ಸಣ್ಣ ಕೆಲಸಗಳಾಗಿ ಒಡೆಯುತ್ತೇವೆ. ಇಂಥ ಒಂದೊಂದು ತುಂಡಿಗೆ ಫಂಕ್ಷನ್ ಎಂದು ಹೆಸರು. ನನ್ನ ಡೈರಿ ಪ್ರೋಗ್ರಾಮಿನಲ್ಲಿ ಚೀಟಿ ಮುದ್ರಿಸುವ ತುಂಡು ಬೇರೆ, ಖಾತೆಗೆ ಬರೆಯುವ ತುಂಡು ಬೇರೆ, ದರ ಹೇಳುವ ತುಂಡು ಬೇರೆ. ದರ ಹೇಳುವ ತುಂಡಿಗೆ ಫ್ಯಾಟ್ ಎಷ್ಟೆಂದು ಕೊಟ್ಟರೆ ದರ ಎಷ್ಟೆಂದು ತಿರುಗಿ ಹೇಳುತ್ತದೆ. ಇದೇ ನಮ್ಮ ಘಟಕ. ಇದನ್ನು ಪರೀಕ್ಷಿಸಲು ಹಾಲು ಬೇಡ, ಯಂತ್ರ ಬೇಡ, ಪ್ರಿಂಟರ್ ಬೇಡ. ಮತ್ತೊಂದು ಪುಟ್ಟ ಪ್ರೋಗ್ರಾಮ್ ಸಾಕು. ಅದು ಮೂರು ಕೆಲಸ ಮಾಡುತ್ತದೆ. ಮೊದಲು ಬೇಕಾದ ಅಂಕಿಯನ್ನು ಸಿದ್ಧಪಡಿಸುತ್ತದೆ. ಬಳಿಕ ಘಟಕವನ್ನು ಕರೆದು ಉತ್ತರ ಪಡೆಯುತ್ತದೆ. ಕೊನೆಗೆ ಆ ಉತ್ತರವನ್ನು ಬರಬೇಕಾದ ಉತ್ತರದೊಡನೆ ತಾಳೆ ನೋಡುತ್ತದೆ. ತಾಳೆಯಾದರೆ ಹಸಿರು, ಆಗದಿದ್ದರೆ ಕೆಂಪು. ಅಂಗಡಿಯ ಲೆಕ್ಕ ಬರೆಯುವವರು ಸಂಜೆ ಗಲ್ಲಾಪೆಟ್ಟಿಗೆಯ ಹಣವನ್ನು ಪುಸ್ತಕದೊಡನೆ ತಾಳೆ ನೋಡುವುದಿಲ್ಲವೇ, ಹಾಗೆಯೇ.

ಇಲ್ಲಿ ಒಂದು ಎಚ್ಚರಿಕೆ. ಬರಬೇಕಾದ ಉತ್ತರವನ್ನು ನೀವು ನಿಯಮ ನೋಡಿ, ಕೈಯಲ್ಲಿ ಲೆಕ್ಕ ಹಾಕಿ, ಮೊದಲೇ ಬರೆದಿಟ್ಟುಕೊಳ್ಳಬೇಕು. ಅನೇಕರು ಪ್ರೋಗ್ರಾಮನ್ನು ಒಮ್ಮೆ ಓಡಿಸಿ, ಅದು ಹೇಳಿದ ಉತ್ತರವನ್ನೇ "ಬರಬೇಕಾದ ಉತ್ತರ" ಎಂದು ನಕಲು ಮಾಡುತ್ತಾರೆ. ವಿದ್ಯಾರ್ಥಿಯ ಉತ್ತರ ಪತ್ರಿಕೆಯನ್ನು ಅವನದೇ ಉತ್ತರ ಪತ್ರಿಕೆ ಇಟ್ಟುಕೊಂಡು ತಿದ್ದಿದರೆ ನೂರಕ್ಕೆ ನೂರು ಬರದೆ ಇನ್ನೇನಾಗುತ್ತದೆ?

ಇನ್ನು ಯಾವ ಅಂಕಿ ಕೊಡಬೇಕೆಂಬ ಪ್ರಶ್ನೆ. ಎಲ್ಲ ಅಂಕಿಗಳನ್ನೂ ಕೊಟ್ಟು ನೋಡಲು ಸಾಧ್ಯವಿಲ್ಲ. ಅದರ ಅಗತ್ಯವೂ ಇಲ್ಲ. ನಿಯಮ ಎಲ್ಲಿ ಬದಲಾಗುತ್ತದೋ ಅಲ್ಲಿ ಹೋಗಿ ನಿಲ್ಲಿ. ಹೊಲದ ಜಗಳ ಹುಟ್ಟುವುದು ನಡುಹೊಲದಲ್ಲಲ್ಲ, ಬದುವಿನ ಮೇಲೆ. ಪ್ರೋಗ್ರಾಮಿನಲ್ಲೂ ಅಷ್ಟೇ. ನನ್ನ ಡೈರಿಯ ನಿಯಮ 3.5ರಲ್ಲಿ ಬದಲಾಗುತ್ತದೆ. ಆದ್ದರಿಂದ 3.4, 3.5, 3.6 ಈ ಮೂರನ್ನು ಕೊಡಬೇಕಿತ್ತು. 4.0 ಮತ್ತು 3.0 ಕೊಟ್ಟದ್ದು ಹೊಲದ ನಡುವೆ ನಿಂತು ಬದು ಸರಿಯಾಗಿದೆ ಎಂದಂತೆ.

ಈ ಮೂರು ಅಂಕಿ ಬರೆದ ಮೇಲೆ ಇನ್ನೂ ಕೆಲವು ಪ್ರಶ್ನೆಗಳು ತಾವಾಗಿ ಏಳುತ್ತವೆ. ಫ್ಯಾಟ್ ಸೊನ್ನೆ ಬಂದರೆ? ಮಾದರಿ ಇಡುವುದನ್ನು ಮರೆತು ಗುಂಡಿ ಒತ್ತಿದರೆ ಹಾಗೆ ಬರಬಹುದು. ಅದಕ್ಕೆ ದರ ಹಾಕಬೇಕೋ, ಬೇಡವೆಂದು ತಳ್ಳಬೇಕೋ? ಯಾರಾದರೂ ಚುಕ್ಕಿ ಬಿಟ್ಟು 35 ಎಂದು ಒತ್ತಿದರೆ? ನಿಯಮದಲ್ಲಿ ಇದಕ್ಕೆ ಉತ್ತರವಿಲ್ಲ. ಹೋಗಿ ಕಾರ್ಯದರ್ಶಿಯನ್ನು ಕೇಳಬೇಕು. ಪರೀಕ್ಷೆ ಬರೆಯಲು ಕುಳಿತಾಗ ಇಂಥ ಪ್ರಶ್ನೆಗಳು ಏಳುವುದು, ನನ್ನ ಅನುಭವದಲ್ಲಿ, ತಪ್ಪು ಹಿಡಿಯುವುದಕ್ಕಿಂತ ದೊಡ್ಡ ಲಾಭ.

ಬದುವಿನ ಮೇಲಿನ ತಪ್ಪು ನನ್ನಂಥ ಹೊಸಬರಿಗೆ ಮಾತ್ರ ಆಗುವಂಥದ್ದೆಂದು ತಿಳಿಯಬೇಡಿ. ಮೈಕ್ರೋಸಾಫ್ಟ್ ಕಂಪನಿ 2006ರಲ್ಲಿ ಜ್ಯೂನ್ ಎಂಬ ಹಾಡು ಕೇಳುವ ಪುಟ್ಟ ಯಂತ್ರವನ್ನು ಮಾರುಕಟ್ಟೆಗೆ ತಂದಿತು. 2008ರ ಡಿಸೆಂಬರ್ 31ರಂದು, ಜನ ಹೊಸ ವರ್ಷದ ಸಂಭ್ರಮಕ್ಕೆ ಸಿದ್ಧವಾಗುತ್ತಿದ್ದಾಗ, 30 ಗಿಗಾಬೈಟಿನ ಜ್ಯೂನ್‌ಗಳು ಸ್ತಬ್ಧವಾಗಿ ನಿಂತುಬಿಟ್ಟವು. ಬ್ಯಾಟರಿ ಪೂರ್ತಿ ಖಾಲಿಯಾಗಲು ಬಿಡಿ, ಮರುದಿನ ಗ್ರೀನಿಚ್ ಸಮಯದ ಮಧ್ಯಾಹ್ನ ಕಳೆದ ಮೇಲೆ ಚಾರ್ಜ್ ಮಾಡಿ ಎಂದು ಕಂಪನಿ ಸಲಹೆ ಕೊಟ್ಟಿತು. ಮರುದಿನ ಯಂತ್ರಗಳು ಏನೂ ಆಗಿಯೇ ಇಲ್ಲವೆಂಬಂತೆ ಹಾಡತೊಡಗಿದವು.

ಆದದ್ದೇನು? ಪೆನ್ಸಿಲ್ ಹಿಡಿಯಿರಿ. ಆ ಯಂತ್ರದ ಗಡಿಯಾರ 1980ರ ಜನವರಿ 1ರಿಂದ ದಿನಗಳನ್ನು ಎಣಿಸುತ್ತಿತ್ತು. ಜನವರಿ 1 ಎಂದರೆ ಒಂದನೆಯ ದಿನ. ಇಷ್ಟು ದಿನವಾಯಿತೆಂದು ಹೇಳಿದರೆ ಈಗ ಯಾವ ವರ್ಷ ಎಂದು ಕಂಡುಹಿಡಿಯುವ ಘಟಕವೊಂದಿತ್ತು. ಅದರ ವಿಧಾನ ಹೀಗೆ: ವರ್ಷ 1980 ಎಂದು ಇಟ್ಟುಕೋ. ದಿನಗಳು 365ಕ್ಕಿಂತ ಹೆಚ್ಚಿರುವವರೆಗೆ ಈ ಕೆಲಸ ಮಾಡುತ್ತಿರು. ಅದು ಅಧಿಕ ವರ್ಷವಾಗಿದ್ದು ದಿನಗಳು 366ಕ್ಕಿಂತ ಹೆಚ್ಚಿದ್ದರೆ 366 ಕಳೆದು ವರ್ಷಕ್ಕೆ ಒಂದು ಕೂಡಿಸು. ಅಧಿಕ ವರ್ಷವಲ್ಲದಿದ್ದರೆ 365 ಕಳೆದು ವರ್ಷಕ್ಕೆ ಒಂದು ಕೂಡಿಸು. ಮೇಲ್ನೋಟಕ್ಕೆ ಎಲ್ಲ ಸರಿಯಾಗಿದೆಯಲ್ಲವೇ?

1000 ಕೊಟ್ಟು ನೋಡೋಣ. 1980 ಅಧಿಕ ವರ್ಷ, 366 ಕಳೆದರೆ 634. ವರ್ಷ 1981. ಇದು ಅಧಿಕ ವರ್ಷವಲ್ಲ, 365 ಕಳೆದರೆ 269. ವರ್ಷ 1982. 269 ಎಂಬುದು 365ಕ್ಕಿಂತ ಹೆಚ್ಚಿಲ್ಲ, ನಿಲ್ಲಿಸು. 1982ರ 269ನೆಯ ದಿನ, ಅಂದರೆ ಸೆಪ್ಟೆಂಬರ್ 26. ಸರಿಯಾದ ಉತ್ತರ. ಈಗ 366 ಕೊಡಿ. 366 ಎಂಬುದು 365ಕ್ಕಿಂತ ಹೆಚ್ಚು, ಆದ್ದರಿಂದ ಕೆಲಸ ಮುಂದುವರಿಸಬೇಕು. 1980 ಅಧಿಕ ವರ್ಷ. ದಿನಗಳು 366ಕ್ಕಿಂತ ಹೆಚ್ಚಿವೆಯೇ? ಇಲ್ಲ, ಸರಿಯಾಗಿ 366 ಇವೆ. ಆದ್ದರಿಂದ ಏನನ್ನೂ ಕಳೆಯುವಂತಿಲ್ಲ. ಮತ್ತೆ ಮೊದಲಿಗೆ ಬಾ. 366 ಎಂಬುದು 365ಕ್ಕಿಂತ ಹೆಚ್ಚು... ಗಾಣದೆತ್ತಿನಂತೆ ಸುತ್ತುತ್ತಲೇ ಇರಬೇಕು. ಅಧಿಕ ವರ್ಷದ ಕೊನೆಯ ದಿನ ಮಾತ್ರ ಹೀಗಾಗುತ್ತದೆ. 2004ರಲ್ಲಿ ಯಂತ್ರ ಇನ್ನೂ ಹುಟ್ಟಿರಲಿಲ್ಲ. ಅದು ಕಂಡ ಮೊದಲ ಅಧಿಕ ವರ್ಷದ ಕೊನೆಯ ದಿನ 2008ರ ಡಿಸೆಂಬರ್ 31. ಮರುದಿನ ಎಣಿಕೆ ಒಂದು ಹೆಚ್ಚಿತು, ಸುತ್ತು ಬಿಡಿಸಿಕೊಂಡಿತು. 365, 366, 367 ಎಂಬ ಮೂರು ಅಂಕಿಗಳ ಪರೀಕ್ಷೆಯನ್ನು ಯಾರಾದರೂ ಬರೆದಿದ್ದರೆ ಅದು ಕಾರ್ಖಾನೆಯಲ್ಲೇ ಸಿಕ್ಕಿಬೀಳುತ್ತಿತ್ತು.

ಇದೇ ಉದಾಹರಣೆ ಇನ್ನೊಂದು ವಿಷಯವನ್ನೂ ತಿಳಿಸುತ್ತದೆ. ಪರೀಕ್ಷೆ ಓಡಿದಾಗ ಪ್ರೋಗ್ರಾಮಿನ ಎಷ್ಟು ಸಾಲುಗಳು ಕೆಲಸ ಮಾಡಿದವು ಎಂದು ಅಳೆಯುವ ಉಪಕರಣಗಳಿವೆ. ಇದಕ್ಕೆ ಕವರೇಜ್ ಎನ್ನುತ್ತಾರೆ. ಕೆಲವು ಕಡೆ ಇಷ್ಟು ಪ್ರತಿಶತ ಕವರೇಜ್ ಬರಲೇಬೇಕೆಂದು ಕಟ್ಟುಪಾಡು ಮಾಡಿರುತ್ತಾರೆ. ಆದರೆ ನಾವು ಈಗ ಕೊಟ್ಟ 1000 ಎಂಬ ಒಂದೇ ಅಂಕಿ ಆ ಘಟಕದ ಪ್ರತಿಯೊಂದು ಸಾಲನ್ನೂ ಮುಟ್ಟಿ ಬಂದಿದೆ! ನೂರಕ್ಕೆ ನೂರು ಸಾಲು, ಆದರೂ ತಪ್ಪು ಹಾಗೆಯೇ ಕುಳಿತಿದೆ. ಕವರೇಜ್ ಕಡಿಮೆಯಿದ್ದರೆ ಎಲ್ಲಿ ನೋಡಿಲ್ಲ ಎಂಬುದು ಗೊತ್ತಾಗುತ್ತದೆ. ಪೂರ್ತಿ ಇದ್ದರೆ ಎಲ್ಲ ಸರಿಯಿದೆ ಎಂದು ಅರ್ಥವಲ್ಲ.

ಈಗ ನಮ್ಮ ಭಾಷೆಗೆ ಸಂಬಂಧಿಸಿದ ಒಂದು ಪ್ರಯೋಗ. ಕೊಟ್ಟ ಪದವನ್ನು ತಿರುವುಮುರುವು ಮಾಡುವ ಘಟಕ ಬರೆಯಿರಿ ಎಂದು ಕಾಲೇಜಿನ ಪ್ರಯೋಗಾಲಯದಲ್ಲಿ ಹೇಳುವುದುಂಟು. ಇಂಗ್ಲಿಷ್ ಪದಗಳಿಗೆ ಸುಲಭ. ಕನ್ನಡಕ್ಕೆ? ಕಂಪ್ಯೂಟರಿನೊಳಗೆ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ನಮ್ಮ ಅಕ್ಷರಗಳು ಬಿಡಿ ಸಂಕೇತಗಳಾಗಿ ಕುಳಿತಿರುತ್ತವೆ. "ಕನ್ನಡ" ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರ. ಒಳಗೆ ಐದು ಸಂಕೇತ: ಕ, ನ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ, ಮತ್ತೊಂದು ನ, ಡ. ಸಂಕೇತಗಳನ್ನು ಹಿಂದುಮುಂದಾಗಿ ಜೋಡಿಸಿದರೆ "ಡನ್ನಕ" ಎಂದು ಬರುತ್ತದೆ. ನಾವು ಬಯಸಿದ್ದೂ ಅದೇ. ಪರೀಕ್ಷೆ ಹಸಿರು! ವಿದ್ಯಾರ್ಥಿಗೆ ಸಂತೋಷ, ಮೇಷ್ಟರಿಗೂ ಸಂತೋಷ.

"ಕರ್ನಾಟಕ" ಕೊಟ್ಟು ನೋಡಿ. ಕಣ್ಣಿಗೆ ನಾಲ್ಕು ಅಕ್ಷರ: ಕ, ರ್ನಾ, ಟ, ಕ. ತಿರುಗಿಸಿದರೆ "ಕಟರ್ನಾಕ" ಆಗಬೇಕು. ಒಳಗಿರುವುದು ಏಳು ಸಂಕೇತ: ಕ, ರ, ವಿರಾಮ, ನ, ದೀರ್ಘದ ಗುರುತು, ಟ, ಕ. ಇವನ್ನು ಹಿಂದಿನಿಂದ ಜೋಡಿಸಿದರೆ ಬರುವುದು "ಕಟಾನ್ರಕ". ರ್ನಾ ಮುರಿದು ನ್ರ ಆಯಿತು, ದೀರ್ಘ ಹೋಗಿ ಪಕ್ಕದ ಟ ಅಕ್ಷರಕ್ಕೆ ಅಂಟಿಕೊಂಡಿತು. ಹಾಗಾದರೆ "ಕನ್ನಡ" ಹೇಗೆ ಪಾಸಾಯಿತು? ಅಲ್ಲಿನ ಒತ್ತಕ್ಷರ ನಕಾರಕ್ಕೆ ನಕಾರದ್ದೇ ಒತ್ತು. ಮುಂದಿನಿಂದ ಓದಿದರೂ ಹಿಂದಿನಿಂದ ಓದಿದರೂ ಒಂದೇ. ಉತ್ತರ ಸರಿ ಬಂದದ್ದು ಕೇವಲ ಆಕಸ್ಮಿಕ. ನೋಡಿದ ಒಂದಗುಳು ಬೆಂದಿತ್ತು, ಅಷ್ಟೇ.

ಇದು ಆಟದ ಲೆಕ್ಕವಲ್ಲ. ಹೆಸರಿನ ಮೊದಲ ಹತ್ತು "ಅಕ್ಷರ" ಮಾತ್ರ ಮುದ್ರಿಸು ಎಂದು ಬರೆದ ಪ್ರೋಗ್ರಾಮ್ ಕನ್ನಡದ ಹೆಸರನ್ನು ಒತ್ತಕ್ಷರದ ನಡುವೆಯೇ ಕತ್ತರಿಸಿಬಿಡುತ್ತದೆ. ರೇಷನ್ ಕಾರ್ಡಿನಲ್ಲೋ ಅಂಕಪಟ್ಟಿಯಲ್ಲೋ ಹೆಸರು ತಪ್ಪಾಗಿ ಅಚ್ಚಾದರೆ ಅದನ್ನು ತಿದ್ದಿಸಲು ಎಷ್ಟು ಅಲೆಯಬೇಕೆಂದು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬೇಕು. "ಶ್ರೀ" ಎಂಬ ಒಂದಕ್ಷರದೊಳಗೆ ನಾಲ್ಕು ಸಂಕೇತಗಳಿವೆ. ನೀವು ಮುಂದೆ ಹೆಸರುಗಳನ್ನು ಸಂಭಾಳಿಸುವ ಯಾವುದೇ ಘಟಕ ಬರೆದರೂ ಪರೀಕ್ಷೆಯಲ್ಲಿ ಒಂದು ಒತ್ತಕ್ಷರದ ಹೆಸರು, ಒಂದು ಒಂದೇ ಅಕ್ಷರದ ಹೆಸರು, ಒಂದು ಖಾಲಿ ಹೆಸರು ಇರಲಿ. ಇಂಗ್ಲಿಷ್ ಹೆಸರು ಕೊಟ್ಟು ನೋಡಿ ಕನ್ನಡಕ್ಕೂ ಸರಿ ಎನ್ನುವ ಅಭ್ಯಾಸ ನಮ್ಮವರಲ್ಲೂ ಇದೆ. ಅದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ.

ಪರೀಕ್ಷೆ ಹಸಿರು ಬಂದಾಗ ಸಂಶಯಪಡುವುದನ್ನು ಕಲಿಯಬೇಕು. ಅದಕ್ಕೊಂದು ಸುಲಭ ಉಪಾಯವಿದೆ. ಪ್ರೋಗ್ರಾಮನ್ನು ಬೇಕೆಂದೇ ಕೆಡಿಸಿ. ಡೈರಿಯ ಘಟಕದಲ್ಲಿ "ಅಥವಾ ಸಮ" ಎಂಬುದನ್ನು ಅಳಿಸಿ ಪರೀಕ್ಷೆಗಳನ್ನು ಓಡಿಸಿ. ಯಾವುದಾದರೂ ಒಂದು ಕೆಂಪಾಗಲೇಬೇಕು. ಆಗದಿದ್ದರೆ ನಿಮ್ಮ ಪರೀಕ್ಷೆಗಳು ಬಾಗಿಲಲ್ಲಿ ಕುಳಿತು ನಿದ್ದೆ ಮಾಡುವ ಕಾವಲುಗಾರರು. ಇದೇ ಕಾರಣಕ್ಕೆ ಕೆಲವರು ಮೊದಲು ಪರೀಕ್ಷೆಯನ್ನು ಬರೆಯುತ್ತಾರೆ, ಆಮೇಲೆ ಘಟಕವನ್ನು. ಘಟಕವೇ ಇಲ್ಲದಾಗ ಪರೀಕ್ಷೆ ಕೆಂಪಾಗುತ್ತದೆ. ಬರೆದ ಮೇಲೆ ಹಸಿರಾಗುತ್ತದೆ. ಎರಡು ಬಣ್ಣವನ್ನೂ ಕಂಡ ಪರೀಕ್ಷೆಯನ್ನು ನಂಬಬಹುದು. ಯಾವಾಗಲೂ ಈ ಕ್ರಮವನ್ನೇ ಪಾಲಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ಯಾರಾದರೂ ತಪ್ಪು ತೋರಿಸಿದಾಗ ಮಾತ್ರ ಇದನ್ನು ತಪ್ಪಿಸಬೇಡಿ. ಅಜ್ಜಿ ಚೀಟಿ ತಂದರೆ ಮೊದಲು ಆ ಚೀಟಿಯನ್ನೇ ಒಂದು ಪರೀಕ್ಷೆಯಾಗಿ ಬರೆಯಿರಿ. ಅದು ಕೆಂಪಾಗುವುದನ್ನು ನೋಡಿ. ಬಳಿಕ ತಿದ್ದಿ. ಆ ಪರೀಕ್ಷೆಯನ್ನು ಅಳಿಸದೆ ಹಾಗೆಯೇ ಇಡಿ. ಮುಂದೆ ದರದ ನಿಯಮ ಬದಲಾದಾಗ, ನೀವು ಬೇರೆ ಕೆಲಸಕ್ಕೆ ಹೋಗಿ ಮತ್ತೊಬ್ಬರು ಬಂದಾಗ, ಅದೇ ತಪ್ಪು ಮರಳಿ ಬಂದರೆ ಅದು ಕೂಗಿ ಹೇಳುತ್ತದೆ. ಅದಕ್ಕೆ ಹೆಸರಿಡುವಾಗಲೂ "ಪರೀಕ್ಷೆ 7" ಎಂದಿಡಬೇಡಿ. "ಫ್ಯಾಟ್ ಸರಿಯಾಗಿ 3.5 ಇದ್ದರೆ ಪೂರ್ಣ ದರ" ಎಂದು ಉದ್ದವಾಗಿಯೇ ಇಡಿ. ಕೆಂಪಾದಾಗ ಹೆಸರು ಓದಿದರೇ ಏನು ಕೆಟ್ಟಿದೆ ಎಂಬುದು ತಿಳಿಯುತ್ತದೆ.

ಎಲ್ಲ ಘಟಕಗಳೂ ದರ ಹೇಳುವ ಘಟಕದಷ್ಟು ಸಾಧು ಸ್ವಭಾವದವಲ್ಲ. ಕೆಲವು ಗಡಿಯಾರ ನೋಡುತ್ತವೆ, ಕೆಲವು ಮೊಬೈಲಿಗೆ ಸಂದೇಶ ಕಳಿಸುತ್ತವೆ, ಕೆಲವು ಬ್ಯಾಂಕಿನ ಕಂಪ್ಯೂಟರಿನೊಡನೆ ಮಾತನಾಡುತ್ತವೆ. ಫೆಬ್ರವರಿ 29ರಂದು ಏನಾಗುತ್ತದೆ ಎಂದು ತಿಳಿಯಲು ನಾಲ್ಕು ವರ್ಷ ಕಾಯುತ್ತಾ ಕೂರಲು ಆಗುತ್ತದೆಯೇ? ಇಲ್ಲಿ ಸಿನಿಮಾದವರ ಉಪಾಯ ನೆರವಿಗೆ ಬರುತ್ತದೆ. ನಾಯಕ ಮಹಡಿಯಿಂದ ಹಾರುವ ದೃಶ್ಯದಲ್ಲಿ ನಾಯಕನ ಬದಲು ಡ್ಯೂಪ್ ಹಾರುತ್ತಾನಲ್ಲ, ಹಾಗೆ ನಿಜವಾದ ಗಡಿಯಾರದ ಜಾಗದಲ್ಲಿ ಒಂದು ಡ್ಯೂಪ್ ಗಡಿಯಾರ ಇಡುವುದು. ಇಂಗ್ಲಿಷಿನಲ್ಲೂ ಇದಕ್ಕೆ ಟೆಸ್ಟ್ ಡಬಲ್ ಎಂದೇ ಹೆಸರು. ಸಿನಿಮಾದ ಸಾಹಸ ಕಲಾವಿದರಿಂದಲೇ ಬಂದ ಹೆಸರದು. ಇದಕ್ಕೆ ಘಟಕವನ್ನು ಬರೆಯುವಾಗಲೇ ಅವಕಾಶ ಮಾಡಿಕೊಡಬೇಕು. ಘಟಕ ತಾನೇ ಹೋಗಿ ಗೋಡೆಯ ಗಡಿಯಾರ ನೋಡಬಾರದು. "ಇವತ್ತು ಇಂಥ ದಿನ" ಎಂದು ಹೊರಗಿನಿಂದ ಹೇಳಿಸಿಕೊಳ್ಳಬೇಕು. ಆಗ ನಾವು ಇಷ್ಟ ಬಂದ ದಿನವನ್ನು ಹೇಳಬಹುದು. ಸಂದೇಶ ಕಳಿಸುವ ಕಡೆಯೂ ಡ್ಯೂಪ್ ಇಡಬಹುದು. ಅದು ನಿಜವಾಗಿ ಕಳಿಸುವುದಿಲ್ಲ, ಯಾರಿಗೆ ಏನು ಕಳಿಸಲು ಹೇಳಿದರು ಎಂದು ಗುರುತು ಹಾಕಿಕೊಳ್ಳುತ್ತದೆ. ಪರೀಕ್ಷೆಯ ಕೊನೆಯಲ್ಲಿ ಆ ಪಟ್ಟಿಯನ್ನು ತಾಳೆ ನೋಡಿದರಾಯಿತು. ಆದರೆ ಎಲ್ಲ ಪಾತ್ರಕ್ಕೂ ಡ್ಯೂಪ್ ಹಾಕಿ ತೆಗೆದ ಸಿನಿಮಾವನ್ನು ಯಾರು ನೋಡುತ್ತಾರೆ? ಹೊರಗಿನ ಪ್ರಪಂಚವನ್ನು ಮುಟ್ಟುವ ಕಡೆಗಷ್ಟೇ ಡ್ಯೂಪ್ ಸಾಕು.

ದಶಮಾಂಶದ ಬಗ್ಗೆ ಒಂದು ಮಾತು. ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1 ಮತ್ತು 0.2 ಕೂಡಿಸಿ 0.3ಕ್ಕೆ ಸಮವೇ ಎಂದು ಕೇಳಿ ನೋಡಿ. ಅಲ್ಲ ಎನ್ನುತ್ತದೆ! ಒಳಗಿನ ಉತ್ತರ 0.30000000000000004. ಕಂಪ್ಯೂಟರ್ ಎರಡರ ಆಧಾರದಲ್ಲಿ ಎಣಿಸುವುದರಿಂದ ಹತ್ತನೆಯ ಒಂದು ಭಾಗವನ್ನು ಪೂರ್ತಿಯಾಗಿ ಬರೆಯಲು ಅದಕ್ಕೆ ಬರುವುದಿಲ್ಲ, ನಮಗೆ ಮೂರನೆಯ ಒಂದು ಭಾಗವನ್ನು ದಶಮಾಂಶದಲ್ಲಿ ಬರೆದು ಮುಗಿಸಲು ಬಾರದಿರುವಂತೆ. ಆದ್ದರಿಂದ ದಶಮಾಂಶಗಳನ್ನು ತಾಳೆ ನೋಡುವಾಗ ಇಷ್ಟರೊಳಗಿನ ವ್ಯತ್ಯಾಸ ಇರಬಹುದೆಂದು ಹೇಳಬೇಕು. ಹಣವಾದರೆ ರೂಪಾಯಿಯಲ್ಲಿ ಇಡದೆ ಪೈಸೆಯ ಪೂರ್ಣಾಂಕದಲ್ಲಿ ಇಡುವುದು ನೆಮ್ಮದಿ.

ಈ ಪರೀಕ್ಷೆಗಳನ್ನೆಲ್ಲ ದಿನವೂ ಕೈಯಿಂದ ಓಡಿಸುತ್ತಾ ಕೂರಬೇಕೇ ಎಂದು ಕೇಳಬಹುದು. ಬೇಡ. ಕೆಂಟ್ ಬೆಕ್ ಎಂಬ ಅಮೆರಿಕದ ಪ್ರೋಗ್ರಾಮರ್ ಸ್ಮಾಲ್‌ಟಾಕ್ ಭಾಷೆಗಾಗಿ 1990ರ ದಶಕದಲ್ಲಿ ಪುಟ್ಟ ಸಾಧನವೊಂದನ್ನು ಮಾಡಿಕೊಂಡಿದ್ದರು. 1997ರಲ್ಲಿ ಅವರೂ ಸ್ವಿಟ್ಸರ್ಲೆಂಡಿನ ಎರಿಕ್ ಗಾಮಾ ಅವರೂ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಅಕ್ಕಪಕ್ಕ ಕುಳಿತು, ಜಾವಾ ಭಾಷೆಗೂ ಅಂಥದ್ದನ್ನು ಬರೆಯತೊಡಗಿದರು. ಅದೇ ಜೆಯೂನಿಟ್. ಅದರ ಮಾದರಿಯಲ್ಲೇ ಹೆಚ್ಚು ಕಡಿಮೆ ಎಲ್ಲ ಭಾಷೆಗಳಿಗೂ ಸಾಧನಗಳು ಬಂದವು. ಪೈಥಾನ್ ಕಲಿಯುತ್ತಿರುವವರಿಗೆ ಯೂನಿಟ್‌ಟೆಸ್ಟ್ ಎಂಬುದು ಭಾಷೆಯ ಜೊತೆಯಲ್ಲೇ ಸಿಗುತ್ತದೆ, ಬೇರೆ ದುಡ್ಡು ಕೊಡಬೇಕಿಲ್ಲ. ಒಂದು ಆಜ್ಞೆ ಕೊಟ್ಟರೆ ನೂರಾರು ಪರೀಕ್ಷೆಗಳು ಕೆಲವೇ ಕ್ಷಣಗಳಲ್ಲಿ ಓಡುತ್ತವೆ. ನಿಧಾನವಾಗದಂತೆ ನೋಡಿಕೊಳ್ಳಿ. ಕಾಫಿ ಕುಡಿದು ಬರುವಷ್ಟು ಹೊತ್ತು ಹಿಡಿಯುವ ಪರೀಕ್ಷೆಗಳನ್ನು ಯಾರೂ ಓಡಿಸುವುದಿಲ್ಲ. ಒಂದು ಪರೀಕ್ಷೆ ಇನ್ನೊಂದರ ಎಂಜಲು ತಿನ್ನಬಾರದು. ಮೊದಲಿನದು ಬರೆದಿಟ್ಟ ಫೈಲನ್ನು ಎರಡನೆಯದು ನಂಬಿಕೊಂಡಿದ್ದರೆ, ಕ್ರಮ ಬದಲಾದ ದಿನ ಎರಡೂ ಕೈಕೊಡುತ್ತವೆ.

ಇಷ್ಟೆಲ್ಲ ಮಾಡಿದರೂ ಘಟಕ ಪರೀಕ್ಷೆಗೆ ಒಂದು ಮಿತಿಯಿದೆ. ಅಮೆರಿಕದ ನಾಸಾ ಸಂಸ್ಥೆ 1998ರ ಡಿಸೆಂಬರಿನಲ್ಲಿ ಮಂಗಳ ಗ್ರಹಕ್ಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆಯನ್ನು ಕಳಿಸಿತು. 1999ರ ಸೆಪ್ಟೆಂಬರ್ 23ರಂದು ಮಂಗಳದ ಹಿಂದೆ ಸರಿದ ನೌಕೆ ಮತ್ತೆ ಮಾತನಾಡಲಿಲ್ಲ. ಗ್ರಹದಿಂದ ಸುಮಾರು 226 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಗಬೇಕಿದ್ದದ್ದು ಸುಮಾರು 57 ಕಿಲೋಮೀಟರಿಗೆ ಇಳಿದಿತ್ತು. ಭೂಮಿಯ ಮೇಲಿನ ಒಂದು ತಂತ್ರಾಂಶ ನೂಕುಬಲದ ಲೆಕ್ಕವನ್ನು ಪೌಂಡಿನ ಅಳತೆಯಲ್ಲಿ ಕೊಡುತ್ತಿತ್ತು. ಅದನ್ನು ತೆಗೆದುಕೊಳ್ಳುವ ತಂತ್ರಾಂಶ ನ್ಯೂಟನ್ ಅಳತೆಯೆಂದು ತಿಳಿದಿತ್ತು. ಒಂದಕ್ಕೂ ಇನ್ನೊಂದಕ್ಕೂ ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ಕೂಡುವ ಕಳೆಯುವ ಲೆಕ್ಕ ಎರಡು ಕಡೆಯೂ ಸರಿಯಾಗಿರಬಹುದು. ಎರಡು ಕೂಡುವ ಕೀಲಿನಲ್ಲಿ ತಪ್ಪಿತ್ತು. ಬಾಗಿಲೂ ಚೆನ್ನಾಗಿದೆ, ಚೌಕಟ್ಟೂ ಚೆನ್ನಾಗಿದೆ, ಆದರೆ ಒಂದನ್ನು ಅಡಿಯಲ್ಲಿ ಇನ್ನೊಂದನ್ನು ಮೀಟರಿನಲ್ಲಿ ಅಳೆದು ಮಾಡಿದಂತೆ. ಬಿಡಿ ಭಾಗಗಳ ಪರೀಕ್ಷೆಯಾದ ಮೇಲೆ ಅವನ್ನು ಜೋಡಿಸಿ ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ. ಅದು ಬೇರೆಯೇ ವಿಷಯ, ಇವತ್ತು ಅದಕ್ಕೆ ಹೋಗುವುದಿಲ್ಲ.

ಕೊನೆಗೆ ನಿಮಗೊಂದು ಕೆಲಸ. ಗ್ಲೆನ್‌ಫರ್ಡ್ ಮೈಯರ್ಸ್ ಎಂಬುವರು 1979ರಲ್ಲಿ ತಂತ್ರಾಂಶ ಪರೀಕ್ಷೆಯ ಬಗ್ಗೆ ಬರೆದ ಪುಸ್ತಕವೊಂದು ಈ ಲೆಕ್ಕದಿಂದಲೇ ಆರಂಭವಾಗುತ್ತದೆ. ಮೂರು ಪೂರ್ಣಾಂಕಗಳನ್ನು ತ್ರಿಭುಜದ ಮೂರು ಬಾಹುಗಳೆಂದು ಕೊಟ್ಟರೆ, ಅದು ಸಮಬಾಹುವೋ, ಸಮದ್ವಿಬಾಹುವೋ, ಅಸಮಬಾಹುವೋ ಎಂದು ಹೇಳುವ ಪ್ರೋಗ್ರಾಮ್ ಇದೆಯೆಂದುಕೊಳ್ಳಿ. ಅದನ್ನು ಪರೀಕ್ಷಿಸಲು ಯಾವ ಯಾವ ಅಂಕಿಗಳನ್ನು ಕೊಡುತ್ತೀರಿ? ಅವರು 14 ಅಂಶಗಳ ಪಟ್ಟಿ ಮಾಡಿದ್ದಾರೆ. ಅನುಭವಿ ಪ್ರೋಗ್ರಾಮರುಗಳು ಸರಾಸರಿ 7.8 ಅಂಶಗಳನ್ನು ಮಾತ್ರ ಯೋಚಿಸುತ್ತಾರಂತೆ. 3, 4, 5 ಎಂದು ಎಲ್ಲರೂ ಬರೆಯುತ್ತಾರೆ. 5, 5, 8 ಬರೆದವರು 5, 8, 5 ಮತ್ತು 8, 5, 5 ಕೂಡ ಬರೆದಿರೇ? 1, 2, 3 ತ್ರಿಭುಜವಾಗುತ್ತದೆಯೇ, ಸ್ಕೇಲ್ ಹಿಡಿದು ಎಳೆದು ನೋಡಿ. ಒಂದು ಬಾಹು ಸೊನ್ನೆಯಾದರೆ? ಮೂರೂ ಸೊನ್ನೆಯಾದರೆ ಸಮಬಾಹು ಎಂದುಬಿಡುತ್ತದೆಯೇ? ಪಟ್ಟಿಯಲ್ಲಿ ಪ್ರತಿ ಮೂರು ಅಂಕಿಗಳ ಮುಂದೆ ಬರಬೇಕಾದ ಉತ್ತರವನ್ನೂ ಮೊದಲೇ ಬರೆದಿಡಿ. ಪಟ್ಟಿ ಮುಗಿದ ಮೇಲೆ ಪಕ್ಕದಲ್ಲಿ ಕುಳಿತ ಸ್ನೇಹಿತರ ಪಟ್ಟಿಯೊಡನೆ ತಾಳೆ ನೋಡಿ. ನಿಮಗೆ ಹೊಳೆಯದ ಎರಡಾದರೂ ಅವರಲ್ಲಿ ಇದ್ದೇ ಇರುತ್ತವೆ.